ಸೀನಿದರೆ ಶುಭಪ್ರಯಾಣ

(ಮೊಜಾಂಬಿಕ್‌ನ ಗೊರೊಂಗೋಸಾ ರಾಷ್ಟ್ರೀಯ ಉದ್ಯಾನದಲ್ಲಿ ಆಫ್ರಿಕಾದ ಕಾಡುನಾಯಿಗಳ ಹಿಂಡೊಂದರ ಯಜಮಾನಿ ನಮ್ಮ ಪತ್ರಿಕೆಗೆ ಕೊಟ್ಟ ಕಾಲ್ಪನಿಕ ಸಂದರ್ಶನ. ಮರಿಗಳ ಊಟವಾಗುವ ತನಕ ಕಾಯಬೇಕೆಂಬುದು ಅವರ ಷರತ್ತು. ಊಟವೆಂದರೆ ಬೇಟೆಗೆ ಹೋದವರು ಮರಳಿ ಬಂದು ಕಕ್ಕಿದ ಮಾಂಸ. ಅತಿಥಿಗಳೆಂದು ನಮಗೂ ಬಡಿಸಲು ಬಂದರು. ಇವತ್ತು ಏಕಾದಶಿ ಎಂದು ಹೇಳಿ ಪಾರಾದೆವು.)

ಪತ್ರಿಕೆ: ಯಜಮಾನಿಯವರೇ, ನೀವು ಇದೇ ಊರಿನವರೇ?

ಯಜಮಾನಿ: ನಾನು ಇಲ್ಲೇ ಹುಟ್ಟಿದವಳು. ನಮ್ಮಜ್ಜಿ ವಿಮಾನದಲ್ಲಿ ಬಂದವಳು. 2018ರಲ್ಲಿ ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಕಡೆಯಿಂದ ಹದಿನಾಲ್ಕು ಜನ ಬಂದರು.

ಪತ್ರಿಕೆ: ಅದಕ್ಕೆ ಮೊದಲು ನಿಮ್ಮವರು ಇಲ್ಲಿರಲಿಲ್ಲವೆ?

ಯಜಮಾನಿ: ಯಾಕಿರಲಿಲ್ಲ? 1977ರಿಂದ 1992ರವರೆಗೆ ಈ ದೇಶದಲ್ಲಿ ಮನುಷ್ಯರು ಮನುಷ್ಯರ ಮೇಲೆ ಯುದ್ಧ ಮಾಡಿದರು. ಕಾರಣ ನಮಗೆ ಯಾರೂ ತಿಳಿಸಲಿಲ್ಲ. ಇಲ್ಲಿನ ದೊಡ್ಡ ಪ್ರಾಣಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹೋದವು. ನಮ್ಮ ಪಾಲಿಗೆ ನೂರಕ್ಕೆ ನೂರು. ಬೇರೆ ಕಡೆ ಶಾಂತಿ ಇದ್ದಾಗಲೂ ಸುಖವೇನಿರಲಿಲ್ಲ. ಅಭಯಾರಣ್ಯದ ಒಳಗೇ, ಅರಣ್ಯ ಕಾಯುವವರೇ ಗುಂಡು ಹಾರಿಸುತ್ತಿದ್ದರು. ಬೇಟೆಯನ್ನು ಜೀವಂತ ಹರಿದು ತಿನ್ನುವ ಪಾಪಿಗಳಂತೆ ನಾವು. ನಿಮ್ಮ ಸೀಳುನಾಯಿಗಳು ದೂರದ ನೆಂಟರು; ಅವರನ್ನು ಕೊಂದವರಿಗೆ ಬ್ರಿಟಿಷರು ಇನಾಮು ಕೊಡುತ್ತಿದ್ದರಂತಲ್ಲ. ಈಗ ಬಂಡೀಪುರದಲ್ಲಿ ಅವರು ಕಂಡರೆ ಜೀಪುಗಳು ಸಾಲುಗಟ್ಟುತ್ತವೆ. ಗುಂಡು ಹೊಡೆದವರ ಮೊಮ್ಮಕ್ಕಳು ಫೋಟೋ ಹೊಡೆಯುತ್ತಾರೆ.

ಪತ್ರಿಕೆ: ಬೇರೆ ಬೇರೆ ಕಡೆಯವರನ್ನು ತಂದು ಒಂದು ಹಿಂಡು ಮಾಡುವುದು ಹೇಗೆ? ನಮ್ಮಲ್ಲಿ ಎರಡು ಪಕ್ಷದವರನ್ನು ಒಂದು ಸಂಪುಟದಲ್ಲಿ ಕೂರಿಸುವುದೇ ಕಷ್ಟ.

ಯಜಮಾನಿ: ನಮ್ಮ ಜಾತಿಯಲ್ಲಿ ಸಂಸಾರ ಶುರುವಾಗುವ ರೀತಿಯೇ ಬೇರೆ. ಒಂದು ಮನೆಯ ಅಕ್ಕತಂಗಿಯರು ಒಟ್ಟಾಗಿ ಹೊರಡುತ್ತಾರೆ, ಇನ್ನೊಂದು ಮನೆಯ ಅಣ್ಣತಮ್ಮಂದಿರು ಎದುರಾಗುತ್ತಾರೆ, ಒಪ್ಪಿಗೆಯಾದರೆ ಸಂಸಾರ. ಈಗ ಇದಕ್ಕೂ ಅಧಿಕಾರಿಗಳೇ ದಲ್ಲಾಳಿಗಳು. ಪ್ರಜ್ಞೆ ತಪ್ಪಿಸುವ ಔಷಧಿ ಕೊಟ್ಟು, ಗಂಡು ಹೆಣ್ಣುಗಳ ಮೈಗೆ ಮೈ ತಿಕ್ಕುತ್ತಾರೆ. ಎಚ್ಚರವಾಗುವಾಗ ನನ್ನ ಮೈಯಿಂದ ಯಾವನೋ ಅಪರಿಚಿತನ ವಾಸನೆ, ಅವನ ಮೈಯಿಂದ ನನ್ನದು. ಪರಿಚಿತರೇ ಇರಬೇಕು ಎಂದುಕೊಂಡು ಜಗಳ ಬಿಡುತ್ತೇವೆ. ಆಮೇಲೆ ವಾರಗಟ್ಟಲೆ ಬೇಲಿಯೊಳಗೆ ಸಹವಾಸ, ಅದೂ ಸರ್ಕಾರಿ ಊಟದ ಮೇಲೆ.

ಪತ್ರಿಕೆ: ಜಾತಕ?

ಯಜಮಾನಿ: ಗೋತ್ರ ನೋಡುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ನಮ್ಮವರಿರುವುದು ಬಹುಮಟ್ಟಿಗೆ ಬೇಲಿ ಹಾಕಿದ ಸಣ್ಣ ಸಣ್ಣ ಕಾಡುಗಳಲ್ಲಿ. ವಯಸ್ಸಿಗೆ ಬಂದ ಮಗಳು ತಾನೇ ಹೋಗಿ ವರ ಹುಡುಕೋಣವೆಂದರೆ ದಾರಿಯಿಲ್ಲ. ಒಳಗೇ ಉಳಿದರೆ ಸಿಗುವವನು ಅಣ್ಣನೋ ತಮ್ಮನೋ. ಅದಕ್ಕೇ 1990ರ ದಶಕದ ಕೊನೆಯಿಂದ ಒಂದು ಬೇಲಿಯಿಂದ ಹಿಡಿದು ಇನ್ನೊಂದು ಬೇಲಿಗೆ ಸಾಗಿಸುವ ಕೆಲಸ ನಡೆದಿದೆ. ಬೇಲಿಯಿಂದ ನಷ್ಟವೇ ಎಂದೇನಲ್ಲ. ಓಡುವ ಹುಲ್ಲೆಯನ್ನು ಬೇಲಿಗೆ ಒತ್ತಿ ಹಿಡಿಯುವುದನ್ನು ನಮ್ಮವರು ಬೇಗ ಕಲಿತರು. ಆ ಉಪಯೋಗ ಯೋಜನಾ ವರದಿಯಲ್ಲಿ ಇರಲಿಲ್ಲ.

ಪತ್ರಿಕೆ: ಹಿಂಡಿನಲ್ಲಿ ಕೊನೆಯ ಮಾತು ನಿಮ್ಮದೇ ತಾನೆ?

ಯಜಮಾನಿ: ಸೀನಿನದು. ಮಲಗಿದ್ದವರು ಎದ್ದು ಬೇಟೆಗೆ ಹೊರಡಬೇಕೆಂದರೆ ಸಾಕಷ್ಟು ಸೀನು ಬೀಳಬೇಕು. ಬೋಟ್ಸ್ವಾನಾದಲ್ಲಿ ಕೂತು ಸೀನು ಎಣಿಸಿದವರು 2017ರಲ್ಲಿ ಅದನ್ನು ಪ್ರಕಟಿಸಿಯೂ ಆಯಿತು.

ಪತ್ರಿಕೆ: ನಮ್ಮಲ್ಲಿ ಹೊರಡುವಾಗ ಸೀನಿದರೆ ಒಳಗೆ ಬಂದು, ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ.

ಯಜಮಾನಿ: ಅಷ್ಟರಲ್ಲಿ ಹುಲ್ಲೆ ಪಕ್ಕದ ಜಿಲ್ಲೆ ಸೇರಿರುತ್ತದೆ.

ಪತ್ರಿಕೆ: ಎಲ್ಲರ ಸೀನಿಗೂ ಒಂದೇ ಬೆಲೆಯೇ?

ಯಜಮಾನಿ: ನಾನೋ ನನ್ನ ಗಂಡನೋ ಎದ್ದು ಹೊರಡಿಸಿದರೆ ಮೂರು ಸೀನು ಸಾಕು. ಕಿರಿಯರು ಯಾರಾದರೂ ಎದ್ದರೆ ಹತ್ತರಷ್ಟು ಬೇಕು.

ಪತ್ರಿಕೆ: ಇದು ಪ್ರಜಾಪ್ರಭುತ್ವವೇ?

ಯಜಮಾನಿ: ಅಲ್ಲಪ್ಪಾ, ನಿಮ್ಮ ಶಾಸಕರ ಮಗ ಸೀನಿದರೆ ಎಷ್ಟು ಜನ ಎದ್ದು ನಿಲ್ಲುತ್ತಾರೆ? ನಮ್ಮಲ್ಲಿ ಕಿರಿಯನಿಗೂ ಹತ್ತು ಸೀನು ಕೂಡಿಸಿ ಗೆಲ್ಲುವ ಅವಕಾಶವಿದೆ. ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ.

ಪತ್ರಿಕೆ: ನೀವು ಬಂದದ್ದರಿಂದ ಈ ಕಾಡಿಗೆ ಏನು ಲಾಭ?

ಯಜಮಾನಿ: ಭಯ. ನಾವಿಲ್ಲದ ವರ್ಷಗಳಲ್ಲಿ ಇಲ್ಲಿ ಚಿರತೆಗಳೂ ಇರಲಿಲ್ಲ. ಪೊದೆ ಬಿಟ್ಟು ಕದಲದ ಬುಷ್‌ಬಕ್ ಎಂಬ ಹುಲ್ಲೆ ಬಯಲಿಗಿಳಿದು ಒಳ್ಳೊಳ್ಳೆಯ ಸೊಪ್ಪು ಮೇಯ್ದು ಮೈ ತುಂಬಿಕೊಂಡಿತು. ಇದು ಭಯವಿಲ್ಲದ್ದರಿಂದಲೇ ಎಂದು ಖಾತ್ರಿ ಮಾಡಿಕೊಳ್ಳಲು ವಿಜ್ಞಾನಿಗಳು ಧ್ವನಿವರ್ಧಕದಲ್ಲಿ ಚಿರತೆಯ ಕೂಗು ಹಾಕಿದರು, ಮಾಂಸಾಹಾರಿಗಳ ವಾಸನೆಯನ್ನೂ ಹರಡಿದರು. ಹುಲ್ಲೆಗಳು ಪೊದೆಯ ದಾರಿ ಹಿಡಿದವು. ಧ್ವನಿವರ್ಧಕವನ್ನು ದಿನವೂ ಹೊತ್ತು ತಿರುಗಲಾದೀತೆ? ಆ ಕೆಲಸ ಈಗ ನಮ್ಮದು. ಬಂದ ಮೇಲೆ ನಮ್ಮವರ ಊಟದಲ್ಲಿ ಬುಷ್‌ಬಕ್‌ಗೇ ದೊಡ್ಡ ಪಾಲು. ಪರೀಕ್ಷೆಯ ಫಲಿತಾಂಶ ಒಪ್ಪದೆ ಬಯಲಲ್ಲೇ ನಿಂತವೂ ಕೆಲವು ಇದ್ದವೆನ್ನಿ.

ಪತ್ರಿಕೆ: ಇಷ್ಟೆಲ್ಲ ರಾದ್ಧಾಂತ ಯಾಕೆ? ಮೃಗಾಲಯದಲ್ಲಿ ಸಾಕಿ ಬಿಟ್ಟರಾಗದೆ?

ಯಜಮಾನಿ: ನಮೀಬಿಯಾದ ಎಟೋಶಾದಲ್ಲಿ ಬಿಟ್ಟು ನೋಡಿದರು, 1978ರಿಂದ 1990ರ ನಡುವೆ, ಒಂದಲ್ಲ ಹಲವು ಸಲ. ಸಿಂಹವನ್ನು ಕಂಡರೆ ಓಡಬೇಕೆಂದು ಆ ಮಕ್ಕಳಿಗೆ ಹೇಳಿಕೊಟ್ಟವರಿರಲಿಲ್ಲ. ನಾಯಿಯನ್ನು ಕಂಡರೆ ಏನು ಮಾಡಬೇಕೆಂದು ಸಿಂಹಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಕ್ಷಿಣ ಆಫ್ರಿಕಾದ ಮಡಿಕ್ವೆಯಲ್ಲಿ ಸ್ವಲ್ಪ ಬುದ್ಧಿ ಬಂತು: ಸಾಕಿದವರ ಜೊತೆ ಕಾಡಿನಲ್ಲಿ ಹುಟ್ಟಿದವರನ್ನೂ ಸೇರಿಸಿ ಬಿಟ್ಟರು. ಬಲ್ಲವರು ಕಲಿಸಿದರು, ಅರಿಯದವರು ಕಲಿತರು, ಮರಿಗಳಾದವು. 1997ರಲ್ಲಿ ರೇಬಿಸ್ ಬಂದು ಹಿಂಡಿನ ಬಹುಪಾಲು ಹೋಯಿತು. ನಾವು ಒಬ್ಬರ ಬಾಯಿ ಇನ್ನೊಬ್ಬರು ನೆಕ್ಕಿ ಬದುಕುವವರು. ಒಬ್ಬನಿಗೆ ಬಂದದ್ದು ಮನೆಗೆಲ್ಲ.

ಪತ್ರಿಕೆ: ಕೊನೆಯದಾಗಿ, ನಿಮ್ಮ ಬೇಡಿಕೆ?

ಯಜಮಾನಿ: ಹುಲ್ಲೆಗೆಂದು ಒಡ್ಡಿದ ತಂತಿಯ ಉರುಳು ನಮ್ಮ ಕುತ್ತಿಗೆಗೂ ಬೀಳುತ್ತದೆ, ಅದನ್ನು ಕಿತ್ತುಹಾಕಿ. ಕಾಡಂಚಿನ ಹಳ್ಳಿಗಳ ನಾಯಿಗಳಿಗೆಲ್ಲ ವರ್ಷವರ್ಷವೂ ತಪ್ಪದೆ ಲಸಿಕೆ ಹಾಕಿ. ನಮ್ಮ ಮನೆಗೆ ರೋಗ ಬರುವುದು ಅಲ್ಲಿಂದ.

ಪತ್ರಿಕೆ: ಅದಕ್ಕೆ ಅನುದಾನ ಸಿಗುವುದು ಕಷ್ಟ, ಯಜಮಾನಿಯವರೇ. ಬೋನಿನ ಬಾಗಿಲು ಎತ್ತಿದರೆ ಒಂದು ಸಮಾರಂಭ ಮಾಡಬಹುದು, ಗಣ್ಯರು ಬರುತ್ತಾರೆ. ಬೀದಿನಾಯಿಗೆ ಸೂಜಿ ಚುಚ್ಚುವುದನ್ನು ಉದ್ಘಾಟಿಸಲು ಯಾರು ಬರುತ್ತಾರೆ?

ಯಜಮಾನಿ: ಗಣ್ಯರೇ ಬರಲಿ. ನಾಯಿಯನ್ನು ಅವರೇ ಹಿಡಿದುಕೊಳ್ಳಲಿ.