ಪುಣೆಯಲ್ಲಿ ದೀರ್ಘಶಾಂತಿ

ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಆತ್ಮದ ಫಲಗಳು ಒಂಬತ್ತು. ಎಂಟನ್ನು ಎಲ್ಲಿ ಬೇಕಾದರೂ ಬೆಳೆಸಿಕೊಳ್ಳಿ. ದೀರ್ಘಶಾಂತಿಗೆ, ಅಂದರೆ ತಾಳ್ಮೆಗೆ, ಮಾತ್ರ ಪುಣೆಗೇ ಬರಬೇಕು. ಹಳೇ ಪೇಟೆಯಲ್ಲಿ ಮಧ್ಯಾಹ್ನ 1ರಿಂದ 4ರವರೆಗೆ ಎಷ್ಟೋ ಅಂಗಡಿಗಳಿಗೆ ನಿದ್ದೆ. ಗಿರಾಕಿಯೇ ದೇವರು ಎನ್ನುವವರು ಇಲ್ಲಿ ದೇವರಿಗೂ ಬಾಗಿಲು ತೆಗೆಯುವುದಿಲ್ಲ.

ಹುಬ್ಬಳ್ಳಿಯಿಂದ ಬಂದು ನೆಲೆಸಿದ ನಮ್ಮ ಮಾವನ ಪ್ರೀತಿ, ದಯೆ, ಸಾಧುತ್ವವೆಲ್ಲ ಭಾನುವಾರ ಚರ್ಚಿನ ಗೇಟಿನ ತನಕ ಗಟ್ಟಿ. ಆಮೇಲೆ ಸ್ವಾರ್‌ಗೇಟ್ ಸಿಗ್ನಲ್. ಕೆಂಪು ದೀಪ ಉರಿಯುತ್ತಿರುವಾಗಲೇ ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಮಾವ ಹೆಲ್ಮೆಟ್ಟಿನ ಗಾಜು ಎತ್ತಿ ಬಾಯಿ ತೆರೆಯುತ್ತಾನೆ. ಹಿಂದೆ ಕೂತ ಅತ್ತಿ ಬೆನ್ನಿಗೆ ಚುಚ್ಚಿ, “ರೀ, ಈಗಷ್ಟೇ ಪ್ರಾರ್ಥನಾ ಮಾಡಿ ಬಂದೀರಿ!” ಅನ್ನುತ್ತಾಳೆ. ಗಾಜು ಕೆಳಗಿಳಿಯುತ್ತದೆ. ಬೈಗುಳ ಒಳಗೇ ಗುಂಯ್‌ಗುಡುತ್ತದೆ.

ಈ ಊರಲ್ಲಿ ಶಮೆದಮೆಯ, ಅಂದರೆ ಸಂಯಮದ, ಪರೀಕ್ಷೆ ಚಹಾದಿಂದಲೂ ಬಂದೀತು. 1890ರಲ್ಲಿ ಗುರುವಾರ ಪೇಟೆಯ ಪಂಚ್ ಹೌದ್ ಮಿಶನ್ನಿನಲ್ಲಿ ತಿಲಕರು, ರಾನಡೆಯವರು ಮೊದಲಾದವರ ಮುಂದೆ ಚಹಾ, ಬಿಸ್ಕತ್ತು ಇಟ್ಟರು. ಕ್ರೈಸ್ತ ಮಿಶನ್ನಿನ ಚಹಾ ಸಂಪ್ರದಾಯಸ್ಥರಿಗೆ ಮೈಲಿಗೆ. ಬಂದವರ ಹೆಸರುಗಳು ಪತ್ರಿಕೆಗೆ ಹೋದವು, ದೂರು ಶಂಕರಾಚಾರ್ಯರವರೆಗೆ ಹೋಯಿತು, ಪ್ರಾಯಶ್ಚಿತ್ತದ ತನಕ ಎಳೆಯಿತು. ಉಪಚಾರಕ್ಕೆಂದು ಕಾಸಿದ ಚಹಾ ಅಷ್ಟು ದಿನ ಕುದಿದದ್ದು ಇನ್ನೆಲ್ಲೂ ಇರಲಿಕ್ಕಿಲ್ಲ.

ಈಗ ಆರಾಧನೆ ಮುಗಿದ ಮೇಲಿನ ಚಹಾಕ್ಕೆ ಯಾರ ಅಡ್ಡಿಯೂ ಇಲ್ಲ, ಮಾವನ ಸಕ್ಕರೆ ಕಾಯಿಲೆಯದೊಂದು ಬಿಟ್ಟು. ಮೂರನೆಯ ಶ್ರೂಸ್‌ಬೆರಿ ಬಿಸ್ಕತ್ತಿಗೆ ಕೈ ಹಾಕಿದಾಗ ಅತ್ತಿ ಕಣ್ಣು ಬಿಟ್ಟಳು.

“ಶಮೆದಮೆ ಪಟ್ಟಿಯೊಳಗ ಕಡೀಕ ಐತಿ. ಸಾಲಾಗಿ ಬರ್ಲಿ, ಅವಸರ ಏನೈತಿ?” ಅಂದ ಮಾವ.