ತೃಣಶಕಟ ಪ್ರಮಾಣ ಮೀಮಾಂಸೆ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯಬೇಕು. ತರ್ಕಶಾಸ್ತ್ರದ ಪಾಠ ಶುರುವಾಗುವುದೇ ಈ ಉದಾಹರಣೆಯಿಂದ. ಶತಮಾನಗಳಿಂದ ನಮ್ಮ ನೈಯಾಯಿಕರು ಆ ಬೆಟ್ಟವನ್ನು ತಪ್ಪಲಿನಲ್ಲಿ ಕುಳಿತೇ ನೋಡುತ್ತ ಬಂದಿದ್ದಾರೆ. ಹತ್ತಿ ಹೋಗಿ ಏನು ಉರಿಯುತ್ತಿದೆ ಎಂದು ವಿಚಾರಿಸಿದವರು ವಿರಳ. ಪ್ರಸ್ತುತ ಗ್ರಂಥಕರ್ತನು ಹತ್ತಿದ್ದಾನೆ. ನಿಖರವಾಗಿ ಹೇಳುವುದಾದರೆ ಮುಕ್ಕಾಲು ಪಾಲು ಹತ್ತಿದ್ದಾನೆ. ಅಲ್ಲಿ ಗಾಡಿ ನಿಂತಿತು. ಎಂಜಿನ್ ಓಡುತ್ತಿದೆ, ಬ್ಲೇಡು ತಿರುಗುತ್ತಿದೆ, ಪೆಡಲನ್ನು ತುಳಿದೂ ತುಳಿದೂ ಮೀನಖಂಡ ನೋಯುತ್ತಿದೆ, ಚಕ್ರ ಮಾತ್ರ ಅಲುಗುತ್ತಿಲ್ಲ. ಬೆಟ್ಟವೆಂದರೆ ನಾರ್ತ್ ಕ್ಯಾರೊಲೈನಾದ ಕೆಮ್ಮಣ್ಣಿನ ಸೀಮೆಯಲ್ಲಿರುವ ನಮ್ಮ ಮನೆಯ ಹಿತ್ತಲ ದಿಣ್ಣೆ. ಹೊಗೆ ನಿಜವಾಗಿಯೂ ಇತ್ತು.

ಶಾಸ್ತ್ರ ಶುರುಮಾಡುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ, ಅದರಲ್ಲೂ ಅದರ ಹೊಟ್ಟೆಯೊಳಗಿನ ಹೈಡ್ರೋಸ್ಟ್ಯಾಟಿಕ್ ಟ್ರಾನ್ಸ್‌ಮಿಷನ್. ಪ್ರಯೋಜನ: ಹುಲ್ಲು ಮೊಣಕಾಲಿಗೆ ಬಂದಾಗ ಬಡಾವಣೆಯ ಸಂಘದಿಂದ ಬರುವ ವಿನಯಪೂರ್ವಕ ಪತ್ರದಿಂದ ಬಿಡುಗಡೆ. ಸಂಬಂಧ: ಗಾಡಿಗೂ ನನಗೂ ಇರುವುದು ಕ್ರೆಡಿಟ್ ಕಾರ್ಡಿನ ಸಂಬಂಧ. ಅಧಿಕಾರಿ ಯಾರು? ಸಾಧನ ಚತುಷ್ಟಯ ಉಳ್ಳವನು. ಅವು ಯಾವುವೆಂದರೆ, ಒಂದು ಜೊತೆ ಜಾಕ್ ಸ್ಟ್ಯಾಂಡು, ಸಾಕೆಟ್ ಸೆಟ್ಟು, ಎಣ್ಣೆ ಹಿಡಿಯುವ ಅಗಲ ಬೋಗುಣಿ, ಹೆಂಡತಿಯ ಮೌನ. ಮೊದಲ ಮೂರು ಅಂಗಡಿಯಲ್ಲಿ ಸಿಗುತ್ತವೆ.

ಪೂರ್ವೇತಿಹಾಸವನ್ನು ಚುಟುಕಾಗಿ ಹೇಳಬಹುದು. ಇಂಗ್ಲೆಂಡಿನ ಸ್ಟ್ರೌಡ್ ಬಳಿಯ ಎಡ್ವಿನ್ ಬಡ್ಡಿಂಗ್ ಎಂಬಾತ, ಬಟ್ಟೆ ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ನೂಲಿನ ಜುಂಗನ್ನು ನುಣ್ಣಗೆ ಕತ್ತರಿಸುವ ಯಂತ್ರ ನೋಡಿ, ಇದು ಹುಲ್ಲಿಗೂ ಆಗಬಹುದಲ್ಲ ಎಂದುಕೊಂಡು 1830ರಲ್ಲಿ ಪೇಟೆಂಟ್ ಪಡೆದ. ಅಂದರೆ ಭೂಮಿಗೆ ಕ್ಷೌರ ಮಾಡುವ ವಿದ್ಯೆ ಹುಟ್ಟಿದ್ದು ಜವಳಿ ಉದ್ಯಮದಲ್ಲಿ. ಎರಡನೇ ಮಹಾಯುದ್ಧದ ನಂತರ ನ್ಯೂಯಾರ್ಕಿನ ಲೆವಿಟ್‌ಟೌನ್ ಬಡಾವಣೆಯಲ್ಲಿ, ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕೆಂಬುದು ಮನೆಯ ಕರಾರಿನಲ್ಲೇ ಸೇರಿತು. 2005ರಲ್ಲಿ ನಾಸಾದ ಏಮ್ಸ್ ಕೇಂದ್ರದ ಕ್ರಿಸ್ಟಿನಾ ಮಿಲೇಸಿ ಮತ್ತು ಸಂಗಡಿಗರು ಅಮೆರಿಕದ ಹುಲ್ಲುಹಾಸನ್ನೆಲ್ಲ ಅಂದಾಜು ಮಾಡಿದಾಗ ಬಂದ ಲೆಕ್ಕ ಸುಮಾರು 1,63,800 ಚದರ ಕಿಲೋಮೀಟರ್. ಕರ್ನಾಟಕದ ಒಟ್ಟು ವಿಸ್ತೀರ್ಣ 1,91,791. ಬೀದರಿನಿಂದ ಹೊರಟು ಚಾಮರಾಜನಗರದ ದಾರಿಯಲ್ಲಿ ಬಹುದೂರದವರೆಗೆ ಬರೀ ಹುಲ್ಲೇ ಬೆಳೆದು, ಅದನ್ನು ಯಾವ ದನವೂ ತಿನ್ನದೆ, ಶನಿವಾರ ಶನಿವಾರ ಯಾರೋ ಕತ್ತರಿಸುತ್ತಿದ್ದಾರೆ ಎಂದು ಕಲ್ಪಿಸಿಕೊಳ್ಳಿ. ಆರು ತಿಂಗಳ ಮಟ್ಟಿಗೆ ತಿಪಟೂರಿನಿಂದ ಬಂದಿರುವ ನಮ್ಮ ಮಾವನವರಿಗೆ ಈ ಅಂಕಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಅಷ್ಟೂ ಗೋಮಾಳವಾ?” ಎಂದರು.

ಇನ್ನು ಯಂತ್ರದ ಸ್ವರೂಪ. ಇಲ್ಲಿ ಓದುಗರು ತಾಳ್ಮೆ ತಂದುಕೊಳ್ಳಬೇಕು, ಏಕೆಂದರೆ ಇದು ಅದ್ವೈತಕ್ಕಿಂತ ಕಷ್ಟ. ಎಂಜಿನ್ನಿನಿಂದ ಒಂದು ಬೆಲ್ಟು ಹಿಂದಕ್ಕೆ ಬಂದು, ಹಿಂಬದಿ ಅಚ್ಚಿನ ಪೆಟ್ಟಿಗೆಯ ನೆತ್ತಿಯ ಮೇಲಿರುವ ಪುಲ್ಲಿಯನ್ನು ತಿರುಗಿಸುತ್ತದೆ. ಪುಲ್ಲಿಯ ಕೆಳಗೆ ಎಣ್ಣೆಯಲ್ಲಿ ಮುಳುಗಿದ ಪಂಪು. ಪಂಪಿನ ಗುಂಡು ದಿಮ್ಮಿಯಲ್ಲಿ ಸುತ್ತಲೂ ಪುಟ್ಟ ಪಿಸ್ಟನ್ನುಗಳು. ಇವುಗಳ ಸಂಖ್ಯೆ ಸಾಮಾನ್ಯವಾಗಿ ಬೆಸ. ಎಣ್ಣೆಯ ಹರಿವು ಕುಲುಕದಿರಲಿ ಎಂದು ಎಂಜಿನಿಯರರು ಹೇಳುತ್ತಾರೆ, ಮುಯ್ಯಿ ಹಾಕುವಾಗ ನೂರಾ ಒಂದು ಹಾಕುವ ನಮಗೆ ಅದನ್ನು ಯಾರೂ ಹೇಳಬೇಕಾಗಿಲ್ಲ. ಪಿಸ್ಟನ್ನುಗಳ ತುದಿ ಒಂದು ಓರೆ ತಟ್ಟೆಗೆ ಒರಗಿಕೊಂಡಿರುತ್ತದೆ. ತಟ್ಟೆ ಸಪಾಟಾಗಿದ್ದರೆ ದಿಮ್ಮಿ ಎಷ್ಟು ಗಿರಗಿರ ತಿರುಗಿದರೂ ಪಿಸ್ಟನ್ನುಗಳು ಒಳಗೆ ಹೊರಗೆ ಆಡುವುದಿಲ್ಲ, ಎಣ್ಣೆ ಚಲಿಸುವುದಿಲ್ಲ, ಗಾಡಿ ನಿಂತಿರುತ್ತದೆ. ಪೆಡಲ್ ತುಳಿದರೆ ತಟ್ಟೆ ವಾಲುತ್ತದೆ. ವಾಲಿದಷ್ಟೂ ಪಿಸ್ಟನ್ನು ಹೆಚ್ಚು ಆಡಿ ಎಣ್ಣೆಯನ್ನು ದೂಡುತ್ತದೆ. ಆ ಎಣ್ಣೆ ಪಕ್ಕದ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಹಲ್ಲಿನ ಚಕ್ರಗಳ ಮೂಲಕ ಅಚ್ಚನ್ನು. ತಟ್ಟೆ ಆಚೆಗೆ ವಾಲಿದರೆ ಮುಂದೆ, ಈಚೆಗೆ ವಾಲಿದರೆ ಹಿಂದೆ. ಕ್ಲಚ್ಚಿಲ್ಲ, ಗೇರಿಲ್ಲ. ಒಂದೆಡೆ ಒತ್ತಿದರೆ ದ್ರವವು ಎಲ್ಲ ದಿಕ್ಕಿಗೂ ಆ ಒತ್ತಡವನ್ನು ಸಮನಾಗಿ ಹಂಚುತ್ತದೆ ಎಂದು ಪ್ಯಾಸ್ಕಲ್ ಬರೆದಿಟ್ಟ ಪ್ರಬಂಧ ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ. ಮೂರೂವರೆ ಶತಮಾನದ ಮೇಲೆ ಅದೇ ತತ್ವದ ಮೇಲೆ ನಾನು ಹಿತ್ತಲಲ್ಲಿ ಮುಂದಕ್ಕೂ ಹಿಂದಕ್ಕೂ ಹೋಗುತ್ತಿದ್ದೇನೆ. ಅಥವಾ ಹೋಗುತ್ತಿದ್ದೆ.

ಈಗ ಪ್ರಮಾಣಗಳು. ಪ್ರತ್ಯಕ್ಷದಿಂದ ತಿಳಿದದ್ದು ಇಷ್ಟೇ: ಕೆಳಗೆ ಎಣ್ಣೆ ಸೋರಿಲ್ಲ. ಶಬ್ದ ಪ್ರಮಾಣವೆಂದರೆ ಆಪ್ತರ ಮಾತು ಎಂದು ಪಂಡಿತರು ಅರ್ಥ ಹೇಳುತ್ತಾರೆ. ಈ ಶಾಸ್ತ್ರದಲ್ಲಿ ಶಬ್ದವೆಂದರೆ ಶಬ್ದವೇ. ತಣ್ಣಗಿದ್ದಾಗ ಗುಂಯ್ ಎನ್ನುವ ಪೆಟ್ಟಿಗೆ, ಇಪ್ಪತ್ತೈದನೇ ನಿಮಿಷಕ್ಕೆ ಕುಂಯ್ ಎನ್ನತೊಡಗಿದರೆ ಅದಕ್ಕಿಂತ ಆಪ್ತವಾಕ್ಯ ಬೇರೆ ಬೇಕಿಲ್ಲ. ಉಪಮಾನ ಪ್ರಮಾಣಕ್ಕೆ, ಅಂದರೆ ಹಸುವಿನಂತಿರುವುದು ಗವಯ ಎಂಬಂಥ ಹೋಲಿಕೆಯ ಜ್ಞಾನಕ್ಕೆ, ಯಂತ್ರಶಾಸ್ತ್ರದಲ್ಲಿ ಏನೂ ಕೆಲಸವಿಲ್ಲ. ಅದನ್ನು ಇಲ್ಲಿಗೇ ಬಿಡೋಣ.

ಅನುಮಾನದಲ್ಲಿ ಎಚ್ಚರ ಬೇಕು. ಹೊಗೆ ಇತ್ತೆಂದೆನಲ್ಲ, ನೈಯಾಯಿಕರ ಮಾತು ಸುಳ್ಳಾಗಲಿಲ್ಲ: ಬೆಂಕಿಯೂ ಇತ್ತು. ಸೈಲೆನ್ಸರಿನ ಮೇಲೆ ಗುಪ್ಪೆಯಾಗಿ ಕುಳಿತ ಒಣಹುಲ್ಲು ಕನಲುತ್ತಿತ್ತು. ಆದರೆ ಗಾಡಿ ನಿಂತದ್ದಕ್ಕೆ ಅದು ಕಾರಣವಲ್ಲ. ಮಡಕೆ ಮಾಡುವಾಗ ಮಣ್ಣು ಹೊತ್ತು ತಂದ ಕತ್ತೆಯಂತೆ ಅದು ಅನ್ಯಥಾಸಿದ್ಧ. ಹಾಗಾದರೆ ಬೆಲ್ಟು ಸವೆದು ಜಾರುತ್ತಿದೆಯೆ? ನೋಡಿದೆ, ಹೋದ ವರ್ಷದ್ದು, ಬಿಗಿಯಾಗಿದೆ. ಗಾಡಿಯನ್ನು ಕೈಯಿಂದ ತಳ್ಳಲು ಎಳೆಯುವ ಬೈಪಾಸ್ ಕಂಬಿ ಅರ್ಧ ಹೊರಗುಳಿದಿದೆಯೆ? ಉಳಿದಿದ್ದರೆ ಎಣ್ಣೆ ಅಡ್ಡದಾರಿ ಹಿಡಿಯುತ್ತದೆ. ಅನೇಕ ಗೃಹಸ್ಥರು ಇಡೀ ಪೆಟ್ಟಿಗೆ ಬಿಚ್ಚಿದ ಮೇಲೆ ಈ ಕಂಬಿಯನ್ನು ನೋಡುತ್ತಾರೆ. ನಾನು ಮೊದಲೇ ನೋಡಿದೆ, ಒಳಗಿತ್ತು. ಪುಲ್ಲಿಯ ಜೊತೆ ತಿರುಗುವ ಪ್ಲಾಸ್ಟಿಕ್ ಫ್ಯಾನಿನ ರೆಕ್ಕೆ ಮುರಿದು ಪೆಟ್ಟಿಗೆ ಕಾಯುತ್ತಿದೆಯೆ? ರೆಕ್ಕೆ ಇದ್ದವು, ಅದರ ಕೆಳಗೆ ಎರಡು ಬೊಗಸೆ ಹುಲ್ಲಿನ ಹಿಟ್ಟು ಸಹ ಇತ್ತು. ಗುಡಿಸಿದೆ. ಹದಿನೈದು ನಿಮಿಷ ಆಶೆ, ಮತ್ತೆ ಕುಂಯ್.

ಇಲ್ಲಿ ಅರ್ಥಾಪತ್ತಿ ಬರುತ್ತದೆ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವೆಂದರೆ ರಾತ್ರಿ ಉಣ್ಣುತ್ತಿದ್ದಾನೆಂದೇ ಲೆಕ್ಕ. ಎಣ್ಣೆ ಹೊರಗೆ ಸೋರದೆ ಬಲ ಸೋರುತ್ತಿದೆಯೆಂದರೆ ಎಣ್ಣೆ ಒಳಗೊಳಗೇ ಸೋರುತ್ತಿದೆ. ಪಿಸ್ಟನ್ನಿಗೂ ಅದರ ಕೊಳವೆಗೂ, ದಿಮ್ಮಿಗೂ ಅದು ಕೂರುವ ಹಲಗೆಗೂ ನಡುವೆ ಕೂದಲೆಳೆಗಿಂತ ಸಣ್ಣ ಸಂದು. ವರ್ಷಗಟ್ಟಲೆ ಉಜ್ಜಿ ಸಂದು ಅಗಲವಾಗಿದೆ. ಬೆಳಗ್ಗೆ ಎಣ್ಣೆ ಜೇನಿನಂತಿರುವಾಗ ಅಲ್ಲಿ ನುಸುಳುವುದಿಲ್ಲ. ಕಾದು ನೀರುಮಜ್ಜಿಗೆಯಾದಾಗ ನುಸುಳಿ ಹಿಂದಿರುಗುತ್ತದೆ. ದಿಣ್ಣೆ ಹತ್ತುವಾಗ ಒತ್ತಡ ಹೆಚ್ಚು, ಆದ್ದರಿಂದ ಸೋರಿಕೆಯೂ ಹೆಚ್ಚು. ಬಯಲಿನಲ್ಲಿ ಸರಿಯಾಗಿ ಓಡುವ ಗಾಡಿ ಏರಿನಲ್ಲಿ ಸೋಲುವುದರ ಗುಟ್ಟು ಇದು. ಹೊಸ ಪೆಟ್ಟಿಗೆಗೆ ಎಷ್ಟೆಂದು ವಿಚಾರಿಸಿದಾಗ ಈ ಪ್ರಮಾಣದ ಹೆಸರಿನ ಇನ್ನೊಂದು ವ್ಯುತ್ಪತ್ತಿ ಹೊಳೆಯಿತು. ಅರ್ಥಕ್ಕೆ ಆಪತ್ತು, ಅರ್ಥಾಪತ್ತಿ.

ಹಳೆಯ ಎಣ್ಣೆ ತೆಗೆದು ಸ್ವಲ್ಪ ಗಟ್ಟಿ ಎಣ್ಣೆ ಹಾಕಿದರೆ ಇನ್ನೊಂದೆರಡು ಬೇಸಿಗೆ ಬಂದೀತು ಎಂದು ನಿಶ್ಚಯಿಸಿ ಗಾಡಿಯ ಕೆಳಗೆ ಮಲಗಿದೆ. ಎಣ್ಣೆ ಇಳಿಸುವ ಬಿರಡೆಗಾಗಿ ಪೆಟ್ಟಿಗೆಯ ಮೈಯೆಲ್ಲ ತಡವಿದೆ. ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನು ಭಾಟ್ಟ ಮೀಮಾಂಸಕರು ಒಪ್ಪುತ್ತಾರೆ, ಪ್ರಾಭಾಕರರು ಒಪ್ಪುವುದಿಲ್ಲ. ನೆಲದಲ್ಲಿ ಮಡಕೆ ಇಲ್ಲ ಎಂಬುದು ನಮಗೆ ಹೇಗೆ ತಿಳಿಯುತ್ತದೆ ಎಂಬುದೇ ಅವರ ಜಗಳ. ಪ್ರಾಭಾಕರರು ಒಂದು ಸಲ ಈ ಗಾಡಿಯ ಕೆಳಗೆ ಮಲಗಬೇಕಿತ್ತು. ಬಿರಡೆ ಇಲ್ಲ ಎಂಬ ಜ್ಞಾನ ನನಗೆ ಇಂದ್ರಿಯದಿಂದ ಬರಲಿಲ್ಲ, ಯುಕ್ತಿಯಿಂದಲೂ ಬರಲಿಲ್ಲ. ಇಲ್ಲದಿರುವಿಕೆಯೇ ನೇರವಾಗಿ ಎದೆಗೆ ಬಂದು ಒದೆಯಿತು. ಪುಸ್ತಿಕೆಯಲ್ಲಿ ಇದಕ್ಕೆ ಸಮಾಧಾನವಿದೆ: ಪೆಟ್ಟಿಗೆಯನ್ನು ಜೀವಮಾನಕ್ಕೆಂದೇ ಮುಚ್ಚಲಾಗಿದೆ, ಬಿಚ್ಚುವ ಅಗತ್ಯವಿಲ್ಲ. ಯಾರ ಜೀವಮಾನ? ನನ್ನದಾದರೆ, ನಾನಿನ್ನೂ ಇದ್ದೇನೆ. ಪೆಟ್ಟಿಗೆಯದಾದರೆ, ಕೆಡುವವರೆಗೆ ಕೆಡುವುದಿಲ್ಲ ಎಂದಷ್ಟೇ ಅರ್ಥವಾಗಿ, ಬಾಯಿಪಾಠಕ್ಕೆ ಮಾತ್ರ ಯೋಗ್ಯವಾದ ವಾಕ್ಯವಾಗುತ್ತದೆ.

ಕರ್ಮಕಾಂಡ ಹೀಗಿದೆ. ಗಾಡಿಯ ಹಿಂಬದಿಯನ್ನು ಎತ್ತಿ ನಿಲ್ಲಿಸು, ಮುಂದಿನ ಚಕ್ರಕ್ಕೆ ಕಲ್ಲು ಕೊಡು, ಚಕ್ರ ಬಿಚ್ಚು, ಬೆಲ್ಟು ಜಾರಿಸು, ಕಂಬಿಗಳನ್ನು ಕಳಚು, ಇಡೀ ಪೆಟ್ಟಿಗೆಯನ್ನು ಇಳಿಸಿ ಕೂಸಿನಂತೆ ಎದೆಗವಚಿಕೊಂಡು ಗ್ಯಾರೇಜಿಗೆ ತಾ. ನೆತ್ತಿಯ ಮುಚ್ಚಳ ತೆಗೆದು ತಲೆಕೆಳಗು ಮಾಡಿ ಒಂದು ರಾತ್ರಿ ಬಿಡು. ಬೆಳಗ್ಗೆ ಬೋಗುಣಿಯಲ್ಲಿ ಕಾಡಿಗೆ ಕಲಸಿದಂಥ ಎಣ್ಣೆ, ಅದರಲ್ಲಿ ಬೆಳ್ಳಿಯ ಮಿನುಗು. ಮಿನುಗುವುದು ಪೆಟ್ಟಿಗೆಯ ಸವೆದ ಮೈಯೇ. ಹಳೆ ಎಣ್ಣೆಯನ್ನು ಡಬ್ಬಿಗೆ ಸುರಿದು ವಾಹನ ಬಿಡಿಭಾಗದ ಅಂಗಡಿಗೆ ಒಯ್ದರೆ ಅವರು ತೆಗೆದುಕೊಳ್ಳುತ್ತಾರೆ. ಮೋರಿಗೆ ಸುರಿಯುವುದು ಮಹಾಪಾತಕ. ಹೊಸ ಎಣ್ಣೆ ತುಂಬಿ ಎಲ್ಲವನ್ನೂ ಮರಳಿ ಕೂಡಿಸಿದ ಮೇಲೆ ಗಾಳಿ ಬಿಡಿಸುವ ವಿಧಿ. ಎಣ್ಣೆ ಕುಗ್ಗುವುದಿಲ್ಲ, ಅದರೊಳಗೆ ಸಿಕ್ಕಿದ ಗಾಳಿ ಕುಗ್ಗುತ್ತದೆ, ಕುಗ್ಗಿದರೆ ಬಲ ಚಕ್ರಕ್ಕೆ ತಲುಪುವುದಿಲ್ಲ. ಆದ್ದರಿಂದ ಚಕ್ರಗಳು ನೆಲ ಮುಟ್ಟದಂತಿರುವಾಗಲೇ ಬೈಪಾಸ್ ತೆರೆದು, ಎಂಜಿನ್ನನ್ನು ನಿಧಾನಕ್ಕೆ ಬಿಟ್ಟು, ಮುಂದಕ್ಕೆ ಐದಾರು ಸಲ, ಹಿಂದಕ್ಕೆ ಐದಾರು ಸಲ ಪೆಡಲ್ ತುಳಿ. ಬೈಪಾಸ್ ಮುಚ್ಚಿ ಮತ್ತೊಮ್ಮೆ. ಎಣ್ಣೆ ಇಳಿದರೆ ತುಂಬು. ಶಬ್ದ ಸಮವಾಗುವವರೆಗೆ ಪುನರಾವರ್ತಿಸು. ನೆಲ ಮುಟ್ಟದ ಗಾಡಿಯ ಮೇಲೆ ಅಳಿಯ ಗಂಭೀರವಾಗಿ ಕುಳಿತು ಮುಂದಕ್ಕೂ ಹಿಂದಕ್ಕೂ ಹೋಗದೆ ಹೋಗುತ್ತಿರುವುದನ್ನು ಮಾವನವರು ಕಾಫಿ ಲೋಟ ಹಿಡಿದು ನೋಡುತ್ತಿದ್ದರು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಪರೀಕ್ಷೆಯ ದಿನ ಶನಿವಾರ. ಮುಂಬದಿಯ ಬಯಲು ಮುಗಿಸಿದೆ, ಪಕ್ಕದ ಪಟ್ಟಿ ಮುಗಿಸಿದೆ, ನಲವತ್ತನೇ ನಿಮಿಷಕ್ಕೆ ಹಿತ್ತಲ ದಿಣ್ಣೆಗೆ ಬಂದೆ. ಇಂಥ ಗಾಡಿಯಲ್ಲಿ ಇಳಿಜಾರನ್ನು ಅಡ್ಡಕ್ಕೆ ಕತ್ತರಿಸಬಾರದು, ಮಗುಚಿಕೊಳ್ಳುತ್ತದೆ. ನೇರ ಹತ್ತಬೇಕು, ನೇರ ಇಳಿಯಬೇಕು. ದಿಣ್ಣೆಗೆ ಅಡ್ಡವಾಗಿ ಉತ್ತೇ ಅಭ್ಯಾಸವಿರುವ ಮಾವನವರಿಗೆ ಇದನ್ನು ನೋಡುವುದೇ ಒಂದು ಸಂಕಟ. ಅರ್ಧ ಹತ್ತಿದೆ. ಮುಕ್ಕಾಲು ಹತ್ತಿದೆ. ಹಳೆಯ ಜಾಗ ದಾಟಿ ಎರಡು ಮಾರು ಮೇಲೆ ಹೋದೆ. ಕುಂಯ್.

ಮಾವನವರು ನಿಧಾನವಾಗಿ ಹತ್ತಿ ಬಂದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ತೆಗೆದರು. “ಅಳಿಯಂದ್ರೇ, ದಣಿದ ಎತ್ತನ್ನ ಏರು ಹತ್ತಿಸ್ತಾರಾ ಯಾರಾದ್ರೂ? ತಣ್ಣಗಿರೋವಾಗ್ಲೇ ಮೊದ್ಲು ದಿಣ್ಣೆ ಮುಗಿಸ್ಕಬೇಕು. ಬಯಲು ಆಮೇಲೆ, ಅದು ಹೆಂಗೂ ನಡಿತದೆ.”

ಮರುವಾರ ಎದ್ದವನೇ ದಿಣ್ಣೆಗೆ ಹೋದೆ. ಹತ್ತೂ ಸಾಲು ನಿಲ್ಲದೆ ಹತ್ತಿತು. ಉಪಮಾನ ಪ್ರಮಾಣದ ಬಗ್ಗೆ ಮೇಲೆ ಬರೆದಿರುವ ಎರಡು ವಾಕ್ಯಗಳನ್ನು ಓದುಗರು ದಯವಿಟ್ಟು ಹೊಡೆದುಹಾಕಿಕೊಳ್ಳಬೇಕು.