ಮೂರು ಕೆಲಸ, ಒಂದೇ ಪಗಾರ: ಜೀಪಿನ ಕಮಾನು ಪಾಟಾ ಜೊತೆ ಒಂದು ಸಂದರ್ಶನ

ಜಮಖಂಡಿ ಊರಾಚೆಯ ಒಂದು ತೋಟದ ಮನೆ. ಅಂಗಳದಲ್ಲಿ ಹಳೆಯ ಮಹೀಂದ್ರಾ ಎಂಎಂ 540 ಜೀಪು ಚಕ್ರಗಳಿಲ್ಲದೆ ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಂತಿದೆ. ಮನೆಯ ಮೊಮ್ಮಗ ಅದಕ್ಕೆ ತಾನೇ ‘ಲಾಂಗ್ ಆರ್ಮ್ ಲಿಫ್ಟ್’ ಕೂರಿಸುತ್ತಿದ್ದಾನೆ. ಅಂದರೆ ನಾಲ್ಕೂ ಮೂಲೆಯ ಕಮಾನು ಪಾಟಾಗಳನ್ನು (ಲೀಫ್ ಸ್ಪ್ರಿಂಗುಗಳನ್ನು) ಕಿತ್ತು, ಆ ಜಾಗದಲ್ಲಿ ಸುರುಳಿ ಸ್ಪ್ರಿಂಗುಗಳನ್ನೂ ಆಕ್ಸಲ್ ಹಿಡಿದುಕೊಳ್ಳುವ ಉದ್ದನೆಯ ಕಬ್ಬಿಣದ ತೋಳುಗಳನ್ನೂ ಹಾಕಿ, ಗಾಡಿಯನ್ನು 4 ಇಂಚು ಮೇಲೆತ್ತುವ ಕೆಲಸ. ಕಿತ್ತ ಪಾಟಾಗಳಲ್ಲಿ ಹಿಂದಿನ ಎಡಗಡೆಯದು ದನದ ಕೊಟ್ಟಿಗೆಯ ಗೋಡೆಗೆ ಒರಗಿತ್ತು. ಮೈಮೇಲೆ ಗ್ರೀಸು, ಮನಸ್ಸಿನಲ್ಲಿ ಸಿಟ್ಟು. ಮಾತಿಗೆಳೆಯುವ ಶ್ರಮವನ್ನೇನೂ ಅದು ಕೊಡಲಿಲ್ಲ.

ಪ್ರಶ್ನೆ: ನಮಸ್ಕಾರ. ಓದುಗರಿಗೆ ನಿಮ್ಮ ಪರಿಚಯ ಮಾಡಿಕೊಡಿ.

ಪಾಟಾ: ಕೆಲಸದಾಗ ಇದ್ದಾಗ ಯಾರೂ ಪರಿಚಯ ಕೇಳಲಿಲ್ಲ. ಕಿತ್ತು ಒಗದ ಮ್ಯಾಲ ಬಂದಿ. ಇರಲಿ ತಮ್ಮಾ, ಕುಂದ್ರು. ನಮ್ಮದು ಸಾರೋಟಿನ ಕಾಲದ ವಂಶ. 1804ರಾಗ ಲಂಡನ್ನಿನ ಒಬಡಾಯ ಎಲಿಯಟ್ ಅನ್ನೋ ಸಾರೋಟು ಮಾಡುವಂವ ನಮ್ಮ ಮುತ್ಯಾನ ಮ್ಯಾಲ ಪೇಟೆಂಟ್ ತಗೊಂಡಿದ್ದ. 1947ರಾಗ ಮಹೀಂದ್ರಾದವರು ವಿಲ್ಲಿಸ್ ಜೀಪು ಜೋಡಸಾಕ ಚಾಲೂ ಮಾಡಿದಾಗ ನಾವೂ ಅದರ ಕಾಲಾಗ ಈ ದೇಶಕ್ಕ ಬಂದ್ವಿ. ಆಗ ಜಮಖಂಡಿ ಇನ್ನೂ ಪಟವರ್ಧನರ ಸಂಸ್ಥಾನ. ಮರುವರ್ಷ ಮುಂಬೈ ಪ್ರಾಂತದಾಗ ಸೇರಿತು. ರಾಜರು ಅಧಿಕಾರ ಬಿಟ್ಟರು, ನಾವು ಡ್ಯೂಟಿ ಬಿಡಲಿಲ್ಲ.

ಪ್ರಶ್ನೆ: ಈ ಮನೆಯಲ್ಲಿ ಏನೇನು ಹೊತ್ತಿದ್ದೀರಿ?

ಪಾಟಾ: ಏನು ಹೊತ್ತಿಲ್ಲ ಅಂತ ಕೇಳು. ಈ ಹುಡುಗನ ಮುತ್ಯಾ ತಂದ ಗಾಡಿ ಇದು. ಹಿಂಡಿ ಚೀಲ, ಮೇವು, ಮೋಟರ್ ಪಂಪು, ಬನಹಟ್ಟಿಯಿಂದ ಸೀರಿ ಗಂಟು, ಮಹಾಲಿಂಗಪುರಕ್ಕ ಬೆಲ್ಲದ ಪೆಂಟಿ. ಮದುವಿ ಬಂತಂದ್ರ ಹದಿನೈದು ಮಂದಿ, ಅದರ ಮ್ಯಾಲ ಬ್ಯಾಂಡಿನವರು. ಬೀಗರು ಸಿಟ್ಟಿಗೆದ್ದು ತಿರುಗಿ ಹೊಂಟಾಗ ಅವರ ಭಾರ ಬ್ಯಾರೆ, ಸಿಟ್ಟಿನ ಭಾರ ಬ್ಯಾರೆ. ಎಲ್ಲಾ ಹೊತ್ತೀನಿ. ಬಾಗೀನಿ ಖರೇ, ಮುರದಿಲ್ಲ.

ಪ್ರಶ್ನೆ: ಹಾಗಿದ್ದರೆ ತೆಗೆದದ್ದು ಯಾಕೆ?

ಪಾಟಾ: ಹುಡುಗ ಮೊಬೈಲಿನಾಗ ಅಮೆರಿಕಾದ ಬಂಡಿಗಲ್ಲು ಹತ್ತೋ ಗಾಡಿ ನೋಡ್ಯಾನ. ಒಂದು ಚಕ್ರ ಆಕಾಶಕ್ಕ, ಒಂದು ಚಕ್ರ ಪಾತಾಳಕ್ಕ. ‘ನಮ್ಮ ಜೀಪಿಗೂ ಮುಧೋಳ ನಾಯಿಯಂಗ ಉದ್ದ ಕಾಲು ಇರಬೇಕು’ ಅಂದ. ಮುಧೋಳ ನಾಯಿಗೆ ಉದ್ದ ಕಾಲಿನ ಜೋಡಿ ಸಣ್ಣ ನಡಾನೂ ಐತಿ, ಮೈಯಾಗ ಬೊಜ್ಜು ಇಲ್ಲ. ಈತ ಕಾಲು ಉದ್ದ ಮಾಡಿ, ಮ್ಯಾಲ ಕಬ್ಬಿಣದ ಬಂಪರ್, ವಿಂಚ್, ಛಾವಣಿ ಮ್ಯಾಲ ಎಂಟು ಲೈಟು ಹೇರಾವ. ಯಾವ ಕಾಡಿಗೆ ಹೋಗ್ತಾನ ಅಂದಿ? ಬೆಳಗ್ಗೆ ಚಹಾದಂಗಡಿ, ಸಂಜಿಗೆ ಜಿಮ್ಮು.

ಪ್ರಶ್ನೆ: ನಿಮ್ಮ ಜಾಗಕ್ಕೆ ಬಂದವರ ಬಗ್ಗೆ ಏನು ಅಭಿಪ್ರಾಯ?

ಪಾಟಾ: ಅದನ್ನ ಹೇಳಾಕ ನಾ ಕಾಯ್ತಿದ್ನಿ. ನಾ ಮಾಡ್ತಿದ್ದ ಕೆಲಸ ಮೂರು. ಒಂದು, ಭಾರ ಹೊರೂದು. ಎರಡು, ಆಕ್ಸಲ್ ಹಿಂದ ಮುಂದ, ಎಡಕ್ಕ ಬಲಕ್ಕ ಸರೀದಂಗ, ಬ್ರೇಕ್ ಒತ್ತಿದಾಗ ತಿರುವಿಕೊಳ್ಳದಂಗ ಹಿಡಿಯೂದು. ಮೂರು, ನಮ್ಮ ಪಟ್ಟಿಗಳು ಒಂದಕ್ಕೊಂದು ತಿಕ್ಕಿ ಕುಲುಕಾಟ ತಿನ್ನೂದು. ಆ ಕುಂಯ್ ಕುಂಯ್ ಸಪ್ಪಳಕ್ಕ ಎಲ್ಲಾರೂ ಬೈತಿದ್ರು, ಅದು ಕೆಲಸದ ಸಪ್ಪಳ ಅಂತ ಯಾರಿಗೂ ತಿಳೀಲಿಲ್ಲ.

ಈಗ ಬಂದ ಸುರುಳಿ ಸ್ಪ್ರಿಂಗಿಗೆ ಗೊತ್ತಿರೂದು ಭಾರ ಹೊರೂದೊಂದ. ಆಕ್ಸಲ್ ಹಿಂದಕ್ಕ ಸರದ್ರ, ‘ಅದು ನನ್ನ ಸೆಕ್ಷನ್ ಅಲ್ಲ’ ಅಂತೈತಿ. ಹಂಗಾಗಿ ಹಿಂದ ಮುಂದ ಸರೀದಂಗ ಕೆಳಗಿನ ತೋಳು ಎರಡು. ಆಕ್ಸಲ್ ಉರುಳದಂಗ ಮ್ಯಾಲಿನ ತೋಳು ಎರಡು. ಬದಿಗೆ ಹೋಗದಂಗ ಒಂದು ಪ್ಯಾನ್‌ಹಾರ್ಡ್ ರಾಡು. ಕುಲುಕಾಟಕ್ಕ ಉದ್ದನ್ನ ಶಾಕ್ ಅಬ್ಸಾರ್ಬರ್. ಇವರೆಲ್ಲಾ ಮಿತಿ ಮೀರಿದ್ರ ತಡಿಯಾಕ ಬಂಪ್ ಸ್ಟಾಪ್. ಒಬ್ಬ ಜವಾನ ರಿಟೈರ್ ಆದ, ಆ ಖುರ್ಚಿಗೆ ಒಂದು ಇಲಾಖೆನ ತೆರದರು. ಎಲ್ಲಾರಿಗೂ ಬ್ಯಾರೆ ಬ್ಯಾರೆ ಬುಶ್ಶು, ಬ್ಯಾರೆ ಬ್ಯಾರೆ ಬೋಲ್ಟು, ಬ್ಯಾರೆ ಬ್ಯಾರೆ ಗ್ರೀಸಿನ ಭತ್ಯೆ.

ಪ್ರಶ್ನೆ: ತೋಳು ಇರಲಿ, ಅದು ಉದ್ದವೇ ಯಾಕೆ ಇರಬೇಕು? ಗಿಡ್ಡ ತೋಳು ಸಾಲದೆ?

ಪಾಟಾ: ಇಲ್ಲಿ ನಾ ವೈರಿಯ ಪರ ಮಾತಾಡಬೇಕಾಗೈತಿ. ಗಾಡಿ ಮ್ಯಾಲೆತ್ತಿದಿ ಅಂದ್ರ ತೋಳಿನ ಒಂದು ತುದಿ ಚಾಸಿ ಜೋಡಿ ಮ್ಯಾಲ ಹೋಗತೈತಿ, ಇನ್ನೊಂದು ತುದಿ ಆಕ್ಸಲ್ ಜೋಡಿ ಕೆಳಗ ಉಳೀತೈತಿ. 16 ಇಂಚಿನ ತೋಳು 4 ಇಂಚು ಇಳೀತಂದ್ರ ಇಳಿಜಾರು 14 ಡಿಗ್ರಿ ದಾಟತೈತಿ. ಅದ 4 ಇಂಚು 32 ಇಂಚಿನ ತೋಳಿಗಾದ್ರ 7 ಡಿಗ್ರಿ ಆಸುಪಾಸು. ಇಳಿಜಾರು ಹೆಚ್ಚಾದಷ್ಟು ಗುಂಡಿಯ ಪೆಟ್ಟು ನೇರ ಚಾಸಿಗೆ, ಅಲ್ಲಿಂದ ನಿನ್ನ ಬೆನ್ನಿಗೆ. ಮತ್ತ ತೋಳು ಗಿಡ್ಡ ಇದ್ರ ಚಕ್ರ ಏರಿಳಿದಾಗೆಲ್ಲಾ ಆಕ್ಸಲ್ ಹಿಂದ ಮುಂದ ಭಾಳ ಸರೀತೈತಿ. ಉದ್ದ ತೋಳು ಸುಳ್ಳಲ್ಲ ತಮ್ಮಾ, ಲೆಕ್ಕ ಖರೇ ಐತಿ. ಎತ್ತರಕ್ಕ ಬೆಲಿ ಕೆಳಗ ಕಟ್ಟಬೇಕು, ಅಷ್ಟ. ಈ ನಿಯಮ ಗಾಡಿಗಷ್ಟ ಅಂತ ತಿಳೀಬ್ಯಾಡ, ಎತ್ತರಕ್ಕ ಏರಿದ ಮುಖಂಡರಿಗೂ ಐತಿ. ಅವರ ಬೆಲಿ ಕೆಳಗಿದ್ದವರು ಕಟ್ತಾರ.

ಪ್ರಶ್ನೆ: ನಿಮಗೇ ಇನ್ನೊಂದು ಪಟ್ಟಿ ಸೇರಿಸಿ ಎತ್ತರ ಮಾಡಬಹುದಿತ್ತಲ್ಲ?

ಪಾಟಾ: ಮಾಡಬಹುದಿತ್ತು, ಅಗ್ಗಾನೂ ಆಗತಿತ್ತು. ಆದ್ರ ಪಟ್ಟಿ ಹೆಚ್ಚಾದಷ್ಟು ನಾ ಬಿರುಸು. ಖಾಲಿ ಗಾಡಿಯಾಗ ಕುಂತವನ ಹಲ್ಲು ಉದುರಸ್ತೀನಿ. ಚಕ್ರ ಕೆಳಗ ಇಳಿಯೂದೂ ಕಡಿಮಿ. ಕಲ್ಲಿನ ಮ್ಯಾಲ ನಾಲ್ಕೂ ಚಕ್ರ ನೆಲ ಹಿಡೀಬೇಕಂದ್ರ ಸುರುಳಿ ಮತ್ತ ಉದ್ದ ತೋಳ ಮೇಲು. ಕಂಪನಿಯವರಿಗೂ ಇದು ಗೊತ್ತು. 2010ರ ಥಾರ್ ಹಿಂಭಾಗದಾಗ ನಾವಿದ್ವಿ. 2020ರ ಥಾರ್‌ನಾಗ ಮುಂದೂ ಸುರುಳಿ, ಹಿಂದೂ ಸುರುಳಿ. ಮಾರುತಿ ಜಿಪ್ಸಿ ಇರೂತನಕ ನಾಲ್ಕೂ ಮೂಲ್ಯಾಗ ನಮ್ಮವರ ಇದ್ರು. 2023ರಾಗ ಜಿಮ್ನಿ ಬಂತು, ಅಲ್ಲೂ ನಮಗ ಜಾಗಾ ಇಲ್ಲ. ಆದ್ರ ಅಲ್ಲಿ ಎಂಜಿನಿಯರು ಕುಂತು ಅಳದು ಮಾಡ್ಯಾರ. ಇಲ್ಲಿ ಅಳತಿ ಟೇಪು ದರ್ಜಿ ಅಂಗಡಿಯಿಂದ ಬಂದೈತಿ.

ಪ್ರಶ್ನೆ: ಮನೆಯಲ್ಲಿ ಈ ಕೆಲಸ ಹೇಗೆ ನಡೆದಿದೆ?

ಪಾಟಾ: ಮೊದಲನೇ ದಿನ ಉತ್ಸಾಹ. ಚಾಸಿ ಕೆಳಗ ಸ್ಟ್ಯಾಂಡ್ ಕೊಟ್ಟ. ಜಾಕ್ ಒಂದರ ಮ್ಯಾಲ ನಂಬಿಕಿ ಇಡಲಿಲ್ಲ, ಅದೊಂದು ಪುಣ್ಯಾದ ಕೆಲಸ. ನಮ್ಮ ಯು-ಬೋಲ್ಟು ಬಿಚ್ಚಾಕ ಪಾನಾಕ್ಕ ಪೈಪು ಸಿಗಿಸಿ ಇಬ್ಬರು ಜೋತುಬಿದ್ರು. ಆಮ್ಯಾಲ ವೆಲ್ಡಿಂಗ್. ತೋಟಕ್ಕ ತ್ರೀ ಫೇಸ್ ಕರೆಂಟು ರಾತ್ರಿ ಬಂತಂದ್ರ ವೆಲ್ಡಿಂಗೂ ರಾತ್ರಿ. ಒಂದು ಕಡೆ ಕಬ್ಬಿಗೆ ನೀರು, ಒಂದು ಕಡೆ ಬ್ರಾಕೆಟ್ಟಿಗೆ ಬೆಂಕಿ. ಮೋಟರ್ ಚಾಲೂ ಆದ ಕೂಡ್ಲೆ ವೋಲ್ಟೇಜ್ ಬಿದ್ದು ವೆಲ್ಡಿಂಗ್ ರಾಡು ಅಂಟಿಕೊಂಡು ಕುಂದರತೈತಿ. ಹಂತಾ ವೆಲ್ಡಿಂಗ್ ಮ್ಯಾಲ ಚೊಲೋ ಕಾಣತೈತಿ, ಒಳಗ ಲೋಹ ಕೂಡಿರೂದಿಲ್ಲ. ಅದರ ಮ್ಯಾಲ ಕರಿ ಬಣ್ಣ ಬಳದು ಫೋಟೋ ಹಾಕ್ಯಾನ.

ಪ್ರಶ್ನೆ: ಅಳತೆಯಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆದರೆ ಏನಾಗುತ್ತದೆ?

ಪಾಟಾ: ಬಲಗಡಿ ತೋಳಿಗಿಂತ ಎಡಗಡಿದು ಅರ್ಧ ಇಂಚು ಗಿಡ್ಡ ಆತು ಅಂದ್ರ ಆಕ್ಸಲ್ ಓರಿ ಆಗಿ ಗಾಡಿ ಮುಂದ ನೋಡ್ಕೊಂತ ಬದಿಗೆ ನಡೀತೈತಿ. ಅದಕ್ಕ ಮೊದಲು ಚುಕ್ಕಿ ವೆಲ್ಡಿಂಗ್ ಮಾಡಿ, ಮೂಲಿಯಿಂದ ಮೂಲಿಗೆ ಎರಡೂ ಕರ್ಣ ಅಳದು, ಕೂಡಿದ ಮ್ಯಾಲ ಪೂರ್ತಿ ಬೆಸೀಬೇಕು. ಮುಂದಿನ ಪ್ಯಾನ್‌ಹಾರ್ಡ್ ರಾಡು ಸ್ಟೀರಿಂಗಿನ ರಾಡಿಗೆ ಸಮಾಂತರ ಇರಬೇಕು. ಇಲ್ಲಾಂದ್ರ ಪ್ರತಿ ಗುಂಡಿಗೂ ಸ್ಟೀರಿಂಗ್ ತಾನ ತಿರುಗತೈತಿ. ಬ್ರೇಕಿನ ಹೋಸ್ ಪೈಪು ಉದ್ದ ಮಾಡಲಿಲ್ಲ ಅಂದ್ರ ಚಕ್ರ ಜೋತುಬಿದ್ದಾಗ ಹರೀತೈತಿ. ಜಾಯಿಂಟ್ ಶಾಫ್ಟಿನ ಕೋನ ಕೆಟ್ರ ಕ್ರಾಸ್ ಸವದು ಇಡೀ ಗಾಡಿ ನಡಗತೈತಿ. ನನ್ನನ್ನ ತಗಿಯೂ ಮುಂಚೆ ನಾ ಏನೇನು ಮಾಡ್ತಿದ್ನಿ ಅಂತ ಒಂದು ಯಾದಿ ಬರೀಬೇಕಾಗಿತ್ತು. ಯಾರನ್ನ ತಗದ್ರೂ ಅದ ಕ್ರಮ. ಮನ್ಯಾಗ ಮುದುಕ್ಯಾರನ್ನ ಮೂಲಿಗೆ ಕುಂದರ್ಸಿದವರನ್ನ ಕೇಳು, ಯಾದಿ ಎಷ್ಟು ಉದ್ದ ಇತ್ತು ಅಂತ ಆಮ್ಯಾಲ ತಿಳೀತೈತಿ.

ಪ್ರಶ್ನೆ: ಎತ್ತರವಾದ ಮೇಲೆ ಈ ಎರೆ ನೆಲದಲ್ಲಿ ಸಿಕ್ಕಿಬೀಳುವುದಾದರೂ ತಪ್ಪುತ್ತದಲ್ಲ?

ಪಾಟಾ: ಎಲ್ಲಿ ತಪ್ಪತೈತಿ? ಚಾಸಿ ಮ್ಯಾಲ ಹೋತು, ಆಕ್ಸಲ್ ನಡುವಿನ ಗುಂಡು ಎಲ್ಲಿತ್ತೋ ಅಲ್ಲೇ ಐತಿ. ಅದು ಮ್ಯಾಲ ಏಳಬೇಕಂದ್ರ ದೊಡ್ಡ ಟಾಯರ್ ಹಾಕಬೇಕು, ಲಿಫ್ಟ್ ಅಲ್ಲ. ಎರಿ ಮಣ್ಣು ಹಸಿ ಆದ್ರ ಟಾಯರಿನ ಕಚ್ಚುಗಳನ್ನ ತುಂಬಿ ನುಣ್ಣಗ ಮಾಡತೈತಿ, ಅಲ್ಲಿ ಎತ್ತರಕ್ಕ ಕಿಮ್ಮತ್ತಿಲ್ಲ. ಭಾರ ಮ್ಯಾಲ ಹೋಗಿದ್ದಕ್ಕ ಕಾಲುವಿ ದಂಡಿಯ ಓರಿ ದಾರ್ಯಾಗ ಉರುಳೂದು ಮಾತ್ರ ಮೊದಲಿಗಿಂತ ಸಸಾರ.

ನೀ ಖರೇ ಆಫ್‌ರೋಡ್ ನೋಡಬೇಕಂದ್ರ ಕಬ್ಬಿನ ಹಂಗಾಮಿನ್ಯಾಗ ಮುಧೋಳ ರಸ್ತೆಗೆ ಬಾ. ಎರಡು ಟ್ರೇಲರ್ ಕಬ್ಬು ಜಗ್ಗಿಕೊಂಡು ಹೊಲದಿಂದ ಮ್ಯಾಲ ಬರೋ ಟ್ರ್ಯಾಕ್ಟರಿಗೆ ಹಿಂದ ಸ್ಪ್ರಿಂಗ್ ಇಲ್ಲ. ಮುಂದಿನ ಆಕ್ಸಲ್ ನಡುವ ಒಂದ ಒಂದು ಪಿನ್ನು. ಆ ಪಿನ್ನಿನ ಮ್ಯಾಲ ಆಕ್ಸಲ್ ತೂಗಿ ನೆಲ ಹಿಡೀತೈತಿ. ಅದಕ್ಕ ಯಾರೂ ಕಿಟ್ ಅಂತ ಹೆಸರಿಟ್ಟಿಲ್ಲ. 2019ರ ಆಗಸ್ಟಿನ್ಯಾಗ ಕೃಷ್ಣಾ, ಘಟಪ್ರಭಾ ಉಕ್ಕಿ ಊರೊಳಗ ಬಂದಾಗ ಮಂದಿ ಹತ್ತಿದ್ದು ದೋಣಿ ಮತ್ತ ಟ್ರ್ಯಾಕ್ಟರ್. ಎಂಟು ಲೈಟಿನ ಗಾಡಿಗಳು ಆವತ್ತು ತೊಳಿಯಾಕ ಹೋಗಿದ್ವು ಅಂತ ಕಾಣತೈತಿ.

ಪ್ರಶ್ನೆ: ಆದರೆ ತಾವೇ ನಿಂತು ಕೆಲಸ ಮಾಡುವುದು ಈ ನೆಲದ ಗುಣವಲ್ಲವೇ? ಚಿಕ್ಕಪಡಸಲಗಿಯ ಬ್ಯಾರೇಜು ರೈತರೇ ಕಟ್ಟಿದ್ದು.

ಪಾಟಾ: ಚೊಲೋ ಕೇಳಿದಿ. 1989ರಾಗ ಸಿದ್ದು ನ್ಯಾಮಗೌಡರ ಮುಂದಾಳತ್ವದಾಗ ರೈತರು ರೊಕ್ಕ ಕೂಡಿಸಿ, ಮೈ ಮುರದು ಕೃಷ್ಣೆಗೆ ಅಡ್ಡ ಗ್ವಾಡಿ ಕಟ್ಟಿದ್ರು. ಅದರ ಹೆಸರ ಶ್ರಮಬಿಂದು ಸಾಗರ. ಎರಡು ವರ್ಷದಾಗ ಜನ ಅವರನ್ನ ಲೋಕಸಭೆಗೆ ಕಳಿಸಿದ್ರು, ರಾಮಕೃಷ್ಣ ಹೆಗಡೆಯವರನ್ನ ಸೋಲಿಸಿ. ಕೈಯಾರೆ ಮಾಡೂದರ ಬಗ್ಗೆ ನನ್ನ ತಕರಾರಿಲ್ಲ ತಮ್ಮಾ. ಅವರಿಗೆ ಬ್ಯಾಸಗಿಗೆ ನೀರು ಬೇಕಾಗಿತ್ತು. ಎಲ್ಲಿ ನೀರು ನಿಲ್ಲತೈತಿ, ಎಷ್ಟು ಎತ್ತರ ಸಾಕು ಅಂತ ಮೊದಲು ನೋಡಿದ್ರು. ಈ ಹುಡುಗ ಮೊದಲು ಎತ್ತರ ನಿಕ್ಕಿ ಮಾಡ್ಯಾನ, ಯಾತಕ್ಕ ಅನ್ನೂದನ್ನ ಈಗ ಹುಡುಕಾಕ ಹತ್ಯಾನ.

ಪ್ರಶ್ನೆ: ಕಾನೂನು ಏನು ಹೇಳುತ್ತದೆ?

ಪಾಟಾ: 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿಕೊಟ್ಟ ವಿವರಕ್ಕ ತಪ್ಪುವಂಗ ಗಾಡಿ ಬದಲ ಮಾಡಾಕ ಬರೂದಿಲ್ಲ. 2019ರ ಜನವರಿಯಾಗ ಸುಪ್ರೀಂ ಕೋರ್ಟೂ ಅದನ್ನ ಹೇಳೇತಿ. ಅದ ವರ್ಷದ ತಿದ್ದುಪಡಿಯಾಗ 182ಎ ಕಲಮು ಬಂತು. ಪರವಾನಗಿ ಇಲ್ಲದ ಬದಲಾವಣಿಗೆ ಆರು ತಿಂಗಳ ತನಕ ಜೈಲು, ಇಲ್ಲಾಂದ್ರ ಒಂದೊಂದು ಬದಲಾವಣಿಗೂ 5,000 ರೂಪಾಯಿ ದಂಡ, ಇಲ್ಲಾ ಎರಡೂ. ತೋಳು ಎಂಟು, ಸುರುಳಿ ನಾಲ್ಕು, ರಾಡು ಎರಡು. ಒಂದೊಂದನ್ನೂ ಬ್ಯಾರೆ ಎಣಿಸಿದ್ರ ಎಷ್ಟಾತು ಅಂತ ನೀನ ಗುಣಾಕಾರ ಮಾಡು. ಹುಡುಗ ಬಿಡಿಭಾಗದ ಬಿಲ್ಲು ಎಲ್ಲಾ ಕೂಡಿಸ್ಯಾನ, ಈ ಒಂದು ಬಿಲ್ಲು ಬಿಟ್ಟು.

ಪ್ರಶ್ನೆ: ಕೆಲಸ ಇಷ್ಟು ಮುಂದುವರಿದಿದೆ. ಹಿರಿಯರಾಗಿ ಅವನಿಗೆ ಒಂದು ಬುದ್ಧಿಮಾತು?

ಪಾಟಾ: ಬುದ್ಧಿಮಾತು ಬ್ಯಾಡ, ಕೆಲಸದ ಮಾತು ಹೇಳ್ತೀನಿ. ರಬ್ಬರ್ ಬುಶ್ಶಿನ ಬೋಲ್ಟುಗಳನ್ನ ಗಾಡಿ ಸ್ಟ್ಯಾಂಡಿನ ಮ್ಯಾಲ ಇದ್ದಾಗ ಪೂರ್ತಿ ಬಿಗೀಬ್ಯಾಡ. ಚಕ್ರ ಹಾಕಿ, ನೆಲಕ್ಕ ಇಳಿಸಿ, ಭಾರ ಬಿದ್ದ ಮ್ಯಾಲ ಬಿಗಿ. ಇಲ್ಲಾಂದ್ರ ರಬ್ಬರು ಹುಟ್ಟಿದಾಗಿಂದ ತಿರುವಿಕೊಂಡ ಇದ್ದು ಲಗೂನ ಹರೀತೈತಿ. ಸ್ವಲ್ಪ ಓಡಿಸಿ ಎಲ್ಲಾ ಬೋಲ್ಟಿಗೂ ಮತ್ತೊಮ್ಮೆ ಪಾನಾ ಹಚ್ಚು. ಚಾಸಿಯ ವೆಲ್ಡಿಂಗ್ ಮಾತ್ರ ಒಬ್ಬ ಪಳಗಿದ ಮಿಸ್ತ್ರಿ ಕಡೆ ಮಾಡಸು. ಸ್ಟಿಕರ್ ಅಂಟಸೂದು ಬೇಕಾದ್ರ ನೀನ ಮಾಡು, ಅದಕ್ಕ ಯಾರೂ ಸಾಯೂದಿಲ್ಲ.

ಪ್ರಶ್ನೆ: ಮತ್ತೆ ನಿಮ್ಮ ಮುಂದಿನ ಜೀವನ? ಗುಜರಿಯೇ?

ಪಾಟಾ: ಗುಜರಿ ಅಂತ ಅನಬ್ಯಾಡ. ಸಿಲಿಕಾನ್, ಮ್ಯಾಂಗನೀಸ್ ಬೆರತ ಉಕ್ಕು ನಾ. ಕಂಬಾರ ನನ್ನನ್ನ ಕಂಡ್ರ ಬಿಡೂದಿಲ್ಲ. ಕಾಸಿ ಬಡದು ಹದ ಕೊಟ್ರ ಕೊಡ್ಲಿ ಆಗ್ತೀನಿ, ಕುಡಗೋಲು ಆಗ್ತೀನಿ, ಕಬ್ಬು ಕಡಿಯೋ ಗ್ಯಾಂಗಿನವರ ಕೈಗೆ ಹೋಗ್ತೀನಿ. ನನಗ ಬ್ಯಾರೆ ನೌಕರಿ ಸಿಗತೈತಿ. ಚಿಂತಿ ಇರೂದು ನನ್ನ ಖುರ್ಚಿಗೆ ಬಂದ ಆ ಇಲಾಖೆಗೆ.

ಆದ್ರ ಕಂಬಾರನ ಕಡೆ ಇಷ್ಟು ಜಲ್ದಿ ಕಳಸೂದಿಲ್ಲ ಬಿಡು. ಚಾಸಿ ನೋಡು, ನನ್ನ ಹ್ಯಾಂಗರ್ ಇನ್ನೂ ಕತ್ತರಿಸಿಲ್ಲ. ಆಕ್ಸಲ್ ಮ್ಯಾಲ ನಾ ಕುಂದರೂ ಗಾದೀನೂ ಹಂಗ ಐತಿ. ಹುಡುಗ ಹುಂಬ ಖರೇ, ಹುಚ್ಚ ಅಲ್ಲ. 15 ವರ್ಷ ದಾಟಿದ ಕೆಎ 48 ನಂಬರಿನ ಗಾಡಿ ಇದು, ಐದು ವರ್ಷಕ್ಕೊಮ್ಮೆ ಪಾಸಿಂಗ್ ಮಾಡಸಬೇಕು. ಆವತ್ತು ಮುಂಜಾನೆ ಸುರುಳಿ, ತೋಳು, ರಾಡು ಎಲ್ಲಾ ಈ ಕೊಟ್ಟಿಗೆಗೆ ಬರ್ತಾವ. ನನ್ನ ಮೈ ಒರಸಿ, ಎಣ್ಣಿ ಹಚ್ಚಿ, ‘ಬಾ ಮುತ್ಯಾ’ ಅಂತ ಗಾಡಿ ಕೆಳಗ ಕರ್ಕೊಂಡು ಹೋಗ್ತಾನ. ಐದು ವರ್ಷಕ್ಕೊಮ್ಮೆ ನೆನಪಾಗೋರು ಈ ದೇಶದಾಗ ನಾ ಒಬ್ಬಾಂವ ಏನಲ್ಲಲ್ಲ ತಮ್ಮಾ, ನಿನ್ನ ಹೆಸರೂ ವೋಟರ್ ಲಿಸ್ಟಿನ್ಯಾಗ ಐತಿಲ್ಲೋ?